ಅಪ್ಪನ ಸೀಕೊಗೆ ನಾನು ಮಾಡಿಸಿದ ಪಾಲಿಶ್

ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಹೈದರಾಬಾದು, ಬೀದರ, ಕಲಬುರಗಿ ಕಡೆಯಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದ ಎಷ್ಟೋ ಜನ ರಜೆಗೆ ಬರುವಾಗ ಕೈಗೆ ಸೀಕೊ ಇಲ್ಲವೇ ಸಿಟಿಜನ್ ಕಟ್ಟಿಕೊಂಡು ಬರುತ್ತಿದ್ದರು. ನಮಗೆ ಆಗ ವಾಚು ಎಂದರೆ ಎಚ್‌ಎಂಟಿ. ಅದೂ 1961ರಲ್ಲಿ ಬೆಂಗಳೂರಿನಲ್ಲಿ ಇದೇ ಸಿಟಿಜನ್ ಕಂಪನಿಯ ನೆರವಿನಿಂದ ಶುರುವಾದದ್ದು. ದಿನಾ ಚಾವಿ ಕೊಡಬೇಕಾದ ಎಚ್‌ಎಂಟಿಯನ್ನು ಮನೆಯಲ್ಲಿಟ್ಟು ಜೆಡ್ಡಾಕ್ಕೆ ಹೋದ ಅಪ್ಪ, ಹೈದರಾಬಾದಿನ ಕಾಚಿಗುಡದ ಮನೆಗೆ ಮರಳಿದ್ದು ಚಾವಿಯೇ ಬೇಡದ ಸೀಕೊ 6309 ಕಟ್ಟಿಕೊಂಡು. ಮುಳುಗುಗಾರರಿಗೆಂದು ಮಾಡಿದ, ದಿಂಬಿನಂತೆ ಉಬ್ಬಿದ ಅಂಚಿನ, ಭಾರದ ವಾಚು ಅದು.

ಕಿಂತಾರೊ ಹಟ್ಟೋರಿ 1881ರಲ್ಲಿ ಟೋಕಿಯೊದಲ್ಲಿ ತೆರೆದ ಅಂಗಡಿಯಿಂದ ಬೆಳೆದ ಕಂಪನಿ ಸೀಕೊ. ಜಪಾನಿನ ಮೊದಲ ಡೈವಿಂಗ್ ವಾಚನ್ನು, 150 ಮೀಟರ್ ಆಳ ತಾಳುವಂಥದ್ದನ್ನು, ಅದು 1965ರಲ್ಲಿ ತಂದಿತು. ಅಂಟಾರ್ಕ್ಟಿಕಾಕ್ಕೆ ಹೋದ ಜಪಾನೀ ಸಂಶೋಧಕರೂ ಅದನ್ನು ಕಟ್ಟಿದ್ದರು. ನನಗೆ ಇವೆಲ್ಲಕ್ಕಿಂತ ಹೆಚ್ಚು ಹಿಡಿಸುವುದು 1968ರ ಒಂದು ಪತ್ರ. ಹಿರೋಶಿಮಾ ಪ್ರಾಂತ್ಯದ ಕುರೆ ಊರಿನ ವೃತ್ತಿಪರ ಮುಳುಗುಗಾರರೊಬ್ಬರು, 300 ಮೀಟರಿನ ಕೆಲಸಕ್ಕೆ ನಿಮ್ಮ ವಾಚು ಬಾಳುವುದಿಲ್ಲವೆಂದು ಬರೆದಿದ್ದರು. ಅದರ ಬೆನ್ನು ಹತ್ತಿದ ಕಂಪನಿ ಏಳು ವರ್ಷ ದುಡಿದು, 1975ರಲ್ಲಿ ಟೈಟಾನಿಯಂ ಕವಚದ 600 ಮೀಟರಿನ ವಾಚು ತಂದಿತು.

ನನಗೆ ಅಷ್ಟು ತಾಳ್ಮೆ ಇರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿದ್ದ ವಾಚು ಅಲುಗಾಡಿಸಿದರೆ ನಾಲ್ಕು ನಿಮಿಷ ನಡೆದು ನಿಲ್ಲುತ್ತಿತ್ತು. ಅಬಿಡ್ಸ್ ಕಡೆಯ ರಿಪೇರಿ ಅಂಗಡಿಗೆ ಒಯ್ದು, ‘ಹೊಸದರಂತೆ ಆಗಬೇಕು’ ಎಂದೆ. ಅವರು ಕೇಳಿದ್ದು ಇಷ್ಟೇ: ‘ಪುರಾನಾ ಸಾಮಾನ್ ಹೋನಾ ಕ್ಯಾ, ಸಾಬ್?’ ಹಳೇ ಸಾಮಾನು ಯಾಕೆ, ಬೇಡ ಎಂದೆ. ಮಾಡಿದ್ದು ಅವರ ಕೈ, ಮಾಡಿಸಿದ್ದು ನಾನು. ತಪ್ಪು ನನ್ನದೇ.

ವಾಪಸ್ ಬಂದ ವಾಚು ಥಳಥಳ ಹೊಳೆಯುತ್ತಿತ್ತು. ಮುಳ್ಳುಗಳ ಮೇಲೆ ಹಳದಿಗಟ್ಟಿದ್ದ ಹೊಳಪು ಬಣ್ಣದ ಜಾಗದಲ್ಲಿ ಗಿಣಿಹಸಿರು. ಡಯಲ್ ಹೊಸದು, ತಳದಂಚಿನಲ್ಲಿ ಸಣ್ಣಕ್ಷರದಲ್ಲಿ ಇರಬೇಕಾದ ಮಾದರಿ ಸಂಖ್ಯೆಯೇ ಅದರಲ್ಲಿರಲಿಲ್ಲ. ವಾರದ ಚಕ್ರವನ್ನೂ ಬದಲಿಸಿದ್ದರು. ಹಳೆಯದರಲ್ಲಿ ಇಂಗ್ಲಿಷಿನ ಜೊತೆಗೆ ಅರಬ್ಬಿ ಇತ್ತು. ಅಪ್ಪ ಊರಿಗೆ ಬಂದ ಮೇಲೂ ಅದನ್ನು ಅರಬ್ಬಿಯಲ್ಲೇ ಇಟ್ಟುಕೊಂಡಿದ್ದರು. ಎಲ್ಲಕ್ಕಿಂತ ದೊಡ್ಡ ನಷ್ಟ ಕವಚದ್ದು. ಮೇಲ್ಮೈಯ ಸಣ್ಣ ಗೀರುಗಳ ಮಂದ ಹೊಳಪು ಒಂದು ಕಡೆ, ಪಕ್ಕದ ನುಣುಪು ಇನ್ನೊಂದು ಕಡೆ, ಎರಡನ್ನೂ ಬೇರ್ಪಡಿಸುವ ಚೂಪಾದ ಗೆರೆ ನಡುವೆ: ಕಾರ್ಖಾನೆಯ ಕುಸುರಿ ಇರುವುದೇ ಅಲ್ಲಿ. ಬಫಿಂಗ್ ಚಕ್ರಕ್ಕೆ ಸಿಕ್ಕ ಆ ಗೆರೆ ಕರಗಿತ್ತು. ತೇದು ಹೋದ ಉಕ್ಕನ್ನು ಯಾರೂ ಮತ್ತೆ ತುಂಬಲಾರರು.

ಅವ್ವ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ‘ಇದು ನಿಮ್ಮಪ್ಪಂದಲ್ಲೋ’ ಎಂದಳು.

ನಿಜಕ್ಕೂ ಅದಕ್ಕೆ ಬೇಕಾಗಿದ್ದದ್ದು ಸ್ವಲ್ಪ. ಈ ಯಂತ್ರದಲ್ಲಿ ಕೈಯ ಅಲುಗಾಟಕ್ಕೆ ಓಲಾಡುವ ರೋಟರ್ ಎಂಬ ತೂಕ ಯಾವ ಕಡೆ ತಿರುಗಿದರೂ, ಸೀಕೊ 1959ರಲ್ಲಿ ರೂಪಿಸಿದ ‘ಮ್ಯಾಜಿಕ್ ಲಿವರ್’ ತನ್ನ ಎರಡು ಕೊಕ್ಕೆಗಳಿಂದ ಹಲ್ಲುಚಕ್ರವನ್ನು ಒಂದೇ ದಿಕ್ಕಿಗೆ ಎಳೆದು ತಳ್ಳಿ ಸ್ಪ್ರಿಂಗ್ ಸುತ್ತುತ್ತದೆ. ವರ್ಷಗಟ್ಟಲೆ ಬಿಟ್ಟರೆ ಎಣ್ಣೆ ಗಟ್ಟಿಯಾಗುತ್ತದೆ, ರಬ್ಬರ್ ವಾಷರ್ ಒಣಗುತ್ತದೆ. ಬಿಚ್ಚಿ ತೊಳೆದು, ಎಣ್ಣೆ ಹಾಕಿ, ವಾಷರ್ ಬದಲಿಸಿದ್ದರೆ ಸಾಕಿತ್ತು. ಡಯಲಿನ ಕಲೆ, ಕವಚದ ಗೀರು ಯಾವುವೂ ರೋಗವಾಗಿರಲಿಲ್ಲ.

ಮಾದರಿ ಸಂಖ್ಯೆ ಇರುವ ಅಸಲಿ ಡಯಲ್ ಹುಡುಕಿದರೆ ಈಗಲೂ ಸಿಗುತ್ತದೆ. ಅದು ಇನ್ಯಾರದೋ ವಾಚಿನಿಂದ ಕಿತ್ತದ್ದಾಗಿರುತ್ತದೆ, ಅದಕ್ಕೇ ತರಿಸಿಲ್ಲ. ಹಿಂಬದಿ ಮುಚ್ಚಳದ ಕ್ರಮಸಂಖ್ಯೆ 14ರಿಂದ ಆರಂಭವಾಗುತ್ತದೆ: ಮೊದಲ ಅಂಕಿ ವರ್ಷದ ಕೊನೆಯದು, ಎರಡನೆಯದು ತಿಂಗಳು. ಅಂದರೆ 1981ರ ಏಪ್ರಿಲ್. ಆ ಮುಚ್ಚಳ, ಒಳಗಿನ ಯಂತ್ರ ಎರಡೂ ಅಪ್ಪ ತಂದವೇ. ಮೊನ್ನೆ ಭಾವ ತಮ್ಮ ತಂದೆಯ ಎಚ್‌ಎಂಟಿ ರಿಪೇರಿಗೆ ಕೊಡಲು ಹೊರಟಾಗ ಜೊತೆಗೆ ಹೋದೆ. ಪಾಲಿಶ್ ಬೇಡ, ಬಣ್ಣ ಬೇಡ, ತೆಗೆದ ಪ್ರತಿಯೊಂದು ತುಣುಕೂ ವಾಪಸ್ ಬೇಕು ಎಂದು ಚೀಟಿಯಲ್ಲಿ ಬರೆಸಿ ಬಂದೆವು.