ಕರಿಬೇವಿನ ಲೆಕ್ಕ

ನಮ್ಮ ಟೆರೇಸಿನ ಮೇಲೆ ಹಳೆಯ ಪೇಂಟ್ ಡಬ್ಬದಲ್ಲಿ ಒಂದು ಕರಿಬೇವಿನ ಗಿಡ ಇದೆ. ದಾದಿ ನೆಟ್ಟದ್ದು. ಅವರು ತೀರಿಕೊಂಡ ಮೇಲೆ ನೀರು ಹಾಕುವ ಕೆಲಸ ನನ್ನದು. ಈ ಮಳೆಗಾಲದಲ್ಲಿ ಅದರ ಎಲೆಗಳ ಮೇಲೆ ಹಕ್ಕಿಯ ಹಿಕ್ಕೆ ಕಾಣುತ್ತಿತ್ತು. ದಾದಿಯ ಗಿಡ ಗಲೀಜಾಗಬಾರದೆಂದು ದಿನವೂ ಒರೆಸಿ ಹಾಕುತ್ತಿದ್ದೆ. ಒಂದು ದಿನ ಒಂದು ಹಿಕ್ಕೆ ಎಲೆಯ ಮೇಲೆ ನಡೆಯತೊಡಗಿತು!

ಸೈನ್ಸ್ ವಿಭಾಗದ ಗೆಳತಿಗೆ ಫೋಟೊ ತೋರಿಸಿದೆ. ಅದು ನಿಂಬೆ ಚಿಟ್ಟೆಯ ಮರಿಹುಳು ಎಂದಳು. ನಿಂಬೆ, ಕರಿಬೇವು ಅದರ ಆಹಾರ. ಹಕ್ಕಿಗಳು ತಿನ್ನದಿರಲೆಂದು ಚಿಕ್ಕಂದಿನಲ್ಲಿ ಹಿಕ್ಕೆಯಂತೆಯೇ ಇರುತ್ತದಂತೆ. ಹಕ್ಕಿ ಮೋಸಹೋದರೆ ಬಿಟ್ಟು ಹೋಗುತ್ತದೆ. ನಾನು ಮೋಸಹೋಗಿ ಒರೆಸಿ ಹಾಕಿದ್ದೆ.

ಉಳಿದದ್ದು ಮೂರು. ಅಮ್ಮಿ, "ಕೀಡಾ ಹೈ, ಫೇಂಕ್ ದೇ" ಎಂದರು. ಬಗಾರಿಗೆ ಎಲೆ ಬೇಕಲ್ಲ! ಅಂಗಡಿಯಿಂದ ನಾನೇ ಕರಿಬೇವು ತಂದುಕೊಡುತ್ತೇನೆಂದು ಒಪ್ಪಿಸಿದೆ. ಕಾಮರ್ಸ್ ವಿದ್ಯಾರ್ಥಿನಿಯಲ್ಲವೇ, ಆ ಖರ್ಚನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟೆ.

ಹುಳುಗಳು ಪೊರೆ ಬಿಡುತ್ತಾ ಬೆಳೆದು ಕೊನೆಗೆ ಎಲೆಯಂತೆಯೇ ಹಸಿರಾದವು. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬಿನಂಥದ್ದು ಹೊರಬಂದು ಗಾಟು ವಾಸನೆ ಬರುತ್ತಿತ್ತು. ಇಷ್ಟೆಲ್ಲ ಉಪಾಯವಿದ್ದರೂ ಒಂದು ಬೆಳಿಗ್ಗೆ ಎರಡು ಹುಳುಗಳು ಇರಲಿಲ್ಲ. ಉಳಿದ ಒಂದು, ಕಡ್ಡಿಗೆ ಅಂಟಿಕೊಂಡು, ಬಿದ್ದುಹೋಗದಂತೆ ಮೈಸುತ್ತ ರೇಷ್ಮೆಯ ಎಳೆ ಕಟ್ಟಿಕೊಂಡು ಕೋಶವಾಯಿತು.

10ನೇ ದಿನ ಕಾಲೇಜಿಗೆ ಹೊರಡುವ ಹೊತ್ತಿಗೆ ಕೋಶ ಬಿರಿಯಿತು. ಹೊರಬಂದ ಚಿಟ್ಟೆಯ ರೆಕ್ಕೆ ಒದ್ದೆ ಬಟ್ಟೆಯಂತೆ ಮುದುಡಿತ್ತು. ಅದು ಮೈಯೊಳಗಿನ ದ್ರವವನ್ನು ರೆಕ್ಕೆಯ ನರಗಳಿಗೆ ತುಂಬಿ ನಿಧಾನವಾಗಿ ಬಿಡಿಸಿಕೊಂಡಿತು. ಕಪ್ಪು ರೆಕ್ಕೆ, ತಿಳಿಹಳದಿ ಚುಕ್ಕೆಗಳು, ಹಿಂದಿನ ರೆಕ್ಕೆಯಲ್ಲೊಂದು ಕೆಂಪು ಬೊಟ್ಟು. ಒಣಗಿದ ಮೇಲೆ ಪಕ್ಕದ ಮನೆಯ ಗೋಡೆ ದಾಟಿ ಹೋಯಿತು. ನನ್ನ ಮೊದಲ ಪಿರಿಯಡ್ಡಿನ ಹಾಜರಿಯೂ ಹೋಯಿತು.

ಅಂದು ರಾತ್ರಿ ಲೆಕ್ಕ ಮುಗಿಸಿದೆ. ಖರ್ಚು: ಕರಿಬೇವಿಗೆ 35 ರೂಪಾಯಿ, ಒಂದು ಹಾಜರಿ. ಜಮೆ: ಒಂದು ಚಿಟ್ಟೆ. ನಾನು ಒರೆಸಿ ಹಾಕಿದ ಹುಳುಗಳನ್ನು ಯಾವ ಕಡೆ ಬರೆಯಬೇಕೆಂದು ತಿಳಿಯಲಿಲ್ಲ.

ಮೊನ್ನೆ ಇನ್ನೊಂದು ನಿಂಬೆ ಚಿಟ್ಟೆ ಬಂತು. ಮುಂಗಾಲಿನಿಂದ ಎಲೆಯನ್ನು ತಟ್ಟಿ, ರುಚಿ ನೋಡಿ, ಚಿಗುರಿನಲ್ಲಿ ಗಸಗಸೆಯಷ್ಟು ಚಿಕ್ಕ ಮೊಟ್ಟೆಯಿಟ್ಟಿತು. ಸಂಜೆ ಎಲೆ ಕೀಳಲು ಬಂದ ಅಮ್ಮಿಗೆ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಆ ರೆಂಬೆಯನ್ನು ಬಿಟ್ಟು ಇನ್ನೊಂದರಿಂದ ಎಲೆ ಕಿತ್ತುಕೊಂಡು, "ರಹ್ನೇ ದೇ" ಎಂದು ಕೆಳಗಿಳಿದರು.