ಊಟವೋ, ಆಟವೋ?

ಈ ಜೂನ್ ತಿಂಗಳ ಒಂದು ಮಧ್ಯಾಹ್ನ ನಮ್ಮ ಶಾಲೆಯ ಜಗಲಿಯಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬ ಸುಮ್ಮನೆ ನಿಂತಿದ್ದ. ತಾಯಿ ತೆಂಕಣ ಕೇರಳದವರು, ಮನೆಮಾತು ಮಲೆಯಾಳ. ಊಟವಾಯಿತೇ ಎಂದು ಅವನ ಮಾತಿನಲ್ಲೇ ಕೇಳೋಣವೆಂದು ನಾವು "ಕಳಿಚ್ಚೋ?" ಎಂದೆವು. "ಇಲ್ಲ ಮಾಷ್ಟ್ರೇ, ಚೆಂಡು ಸಿಕ್ಕಲಿಲ್ಲ" ಎಂದ. ಉಣ್ಣಲು ಚೆಂಡೇಕೆ?

ಮಲೆಯಾಳದಲ್ಲಿ 'ಕೞಿ' ಎಂದರೆ ಉಣ್ಣು, 'ಕಳಿ' ಎಂದರೆ ಆಡು. (ಕಾಸರಗೋಡಿನ ಕೆಲವರು 'ಕಯಿ' ಎಂದು ಸುಲಭ ಮಾಡಿಕೊಂಡಿದ್ದಾರೆ.) ಅವನು ಎರಡನ್ನೂ ಬಿಡಿಬಿಡಿಯಾಗಿ ಹೇಳಿ ತೋರಿಸಿದ. ನಮಗೆ ಎರಡೂ ಒಂದೇ.

ಹಿಂದಿನ ವಾರವಷ್ಟೇ ಅವನು ಉಕ್ತಲೇಖನದಲ್ಲಿ 'ಧನ' ಬರೆಯಬೇಕಾದಲ್ಲಿ 'ದನ' ಬರೆದಿದ್ದ. "ಕಿವಿಗೊಟ್ಟು ಕೇಳು" ಎಂದು ಕೆಂಪು ಮಸಿಯಲ್ಲಿ ಗೀಚಿದವರು ನಾವೇ.

ಕಿವಿಯ ತಪ್ಪು ಇದರಲ್ಲಿ ಇಲ್ಲವೇ ಇಲ್ಲ. ಒಳಗಿವಿಯ ಶಂಖದಂಥ ಸುರುಳಿ ಶಬ್ದವನ್ನು ಸ್ಥಾಯಿಗೆ ತಕ್ಕಂತೆ ಬಿಡಿಸಿ ನರದ ಮೂಲಕ ಮಿದುಳಿಗೆ ದಾಟಿಸುತ್ತದೆ. ಯಾವ ಎರಡು ಧ್ವನಿ ಬೇರೆ, ಯಾವುದು ಒಂದೇ ಎಂದು ತೀರ್ಮಾನಿಸುವುದು ಮಿದುಳು. ಆ ತೀರ್ಮಾನವೋ ತೊಟ್ಟಿಲಲ್ಲೇ ಶುರು. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಪ್ರಯೋಗ ಸೊಗಸಾಗಿದೆ. ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ 'ತ' ಮತ್ತು 'ಟ' ಕೇಳಿಸಿದರು. ಧ್ವನಿ ಬದಲಾದಾಗ ತಲೆ ತಿರುಗಿಸಿದರೆ ಆಟಿಕೆಯೊಂದು ಕುಣಿಯುತ್ತಿತ್ತು. 6ರಿಂದ 8 ತಿಂಗಳ ಹೆಚ್ಚಿನ ಕೂಸುಗಳು ಸರಿಯಾಗಿ ತಿರುಗಿದವು. 10ರಿಂದ 12 ತಿಂಗಳಿನವು ಬಹುಮಟ್ಟಿಗೆ ಸೋತವು. ಮನೆಯಲ್ಲಿ ಬಳಕೆಯಿಲ್ಲದ ಭೇದವನ್ನು ಮಿದುಳು ಲೆಕ್ಕಕ್ಕೆ ಇಡುವುದಿಲ್ಲ. ಹಿಂದಿ ಮನೆಯ ಕೂಸುಗಳು ಆ ವಯಸ್ಸಿನಲ್ಲೂ ಸೋಲಲಿಲ್ಲ.

ನಮ್ಮ ಮಿದುಳು ಕೈಬಿಟ್ಟ ಆ 'ೞ' ಪರಕೀಯವೂ ಅಲ್ಲ. ಹಳಗನ್ನಡದಲ್ಲಿ ಮಳೆ 'ಮೞೆ'ಯಾಗಿತ್ತು, ಬಾಳೆ 'ಬಾೞೆ'ಯಾಗಿತ್ತು, ಕೋಳಿ 'ಕೋೞಿ'ಯಾಗಿತ್ತು. "ಇದು ರಳ, ಈಗ ಬಳಕೆಯಲ್ಲಿಲ್ಲ" ಎಂದು ಎಷ್ಟೋ ವರ್ಷ ಬೋರ್ಡಿನಲ್ಲಿ ಬರೆದು, ಬಾಯಲ್ಲಿ ಮಾತ್ರ 'ಳ' ಎಂದೇ ಓದಿ ಮುಂದೆ ಹೋದವರು ನಾವು. ಆ ಹುಡುಗನೋ ಮನೆಯಲ್ಲಿ ದಿನವೂ ಅದನ್ನೇ ನುಡಿಯುತ್ತಾನೆ.

ದೊಡ್ಡವರಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲವಂತೆ: 'ರ', 'ಲ' ಬೇರೆ ಮಾಡಲಾರದ ಜಪಾನೀಯರು ಅಭ್ಯಾಸದಿಂದ ಸುಧಾರಿಸಿದ್ದುಂಟು. ಹಾಗಾಗಿ ಈಗ ಮಧ್ಯಾಹ್ನದ ಗಂಟೆಯಾದ ಮೇಲೆ ನಮಗೂ ಉಕ್ತಲೇಖನ. ಅವನು ಬಾಯಿಗೆ ಪುಸ್ತಕ ಅಡ್ಡ ಹಿಡಿದು ಹೇಳುತ್ತಾನೆ, ನಾವು ಊಟವೋ ಆಟವೋ ಎಂದು ಬರೆಯುತ್ತೇವೆ. ಮೊನ್ನೆ ಹತ್ತರಲ್ಲಿ ಆರು ಸರಿಯಾಯಿತು. ಕೆಂಪು ಪೆನ್ನು ಕೊಟ್ಟರೆ ಅವನು ಒಲ್ಲೆನೆಂದ. ಪೆನ್ಸಿಲಿನಲ್ಲೇ ಅಂಕ ಹಾಕಿದ.