ಮಂಡಿಗೆ ಬಿದ್ದ ವಿಕಿರಣದ ಸೂಜಿ

ಕಳೆದ ಅಕ್ಟೋಬರಿನಲ್ಲಿ ನನ್ನ ಬಲ ಮಂಡಿಯೊಳಕ್ಕೆ ವಿಕಿರಣ ಸೂಸುವ ಔಷಧಿಯ ಇಂಜೆಕ್ಷನ್ ಹಾಕಿಸಿಕೊಂಡೆ. ಇಲ್ಲಿ ಫ್ರಾಂಕ್‌ಫರ್ಟಿನ ಕನ್ನಡ ಗೆಳೆಯರಿಗೆ ಹೇಳಿದಾಗ ಒಬ್ಬರು ಮೆಲ್ಲಗೆ, "ಏನ್ರೀ, ಕ್ಯಾನ್ಸರಾ?" ಅಂದರು. ಅಲ್ಲ. ಆರು ವರ್ಷದಿಂದ ನನಗಿರೋದು ರುಮಟಾಯ್ಡ್ ಆರ್ಥರೈಟಿಸ್. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ತಗೊಂಡು ಬೆರಳು, ಮಣಿಕಟ್ಟು ಎಲ್ಲ ಹತೋಟಿಗೆ ಬಂದಿದ್ದವು. ಈ ಒಂದು ಮಂಡಿ ಮಾತ್ರ ಮಾತು ಕೇಳಲಿಲ್ಲ. ನೀರು ತುಂಬಿ ಊದೋದು, ಸೂಜಿ ಹಾಕಿ ತೆಗೆಸೋದು, ಸ್ಟೀರಾಯ್ಡ್ ಕೊಡೋದು, ಎರಡು ಮೂರು ತಿಂಗಳಿಗೆ ಮತ್ತೆ ಅದೇ ಕತೆ. ಸರಿಯಾಗಿ ಕ್ವಾರ್ಟರ್ ಲೆಕ್ಕ ಮುಗಿಸೋ ವಾರಕ್ಕೇ ಊದುತ್ತೆ ಅನ್ನೋದು ನನ್ನ ಗುಮಾನಿ.

ಕೊನೆಗೆ ಡಾಕ್ಟರು ಚೀಟಿ ಬರೆದು ನ್ಯೂಕ್ಲಿಯರ್ ಮೆಡಿಸಿನ್‌ಗೆ ಕಳಿಸಿದರು. ಚೀಟಿಯಲ್ಲಿದ್ದ ಪದ 'ರಾಡಿಯೋಸಿನೋವಿಯೋರ್ಥೇಸೆ'. ಓದೋಕೇ ಎರಡು ಸಲ ಉಸಿರು ತಗೋಬೇಕು. ಇಲ್ಲಿ ಆರ್‌ಎಸ್‌ಓ ಅಂತಾರೆ. ಹೊಸದೇನಲ್ಲ, ವಿಯೆನ್ನಾದಲ್ಲಿ ಫೆಲಿಂಗರ್ ಮತ್ತು ಷ್ಮಿಡ್ ಅನ್ನೋ ವೈದ್ಯರು 1952ರಲ್ಲೇ ಇದರ ಬಗ್ಗೆ ಬರೆದಿದ್ದರು.

ಕೀಲಿನ ಒಳಗೆ ಸೈನೋವಿಯಂ ಅನ್ನೋ ತೆಳು ಪೊರೆ ಇರುತ್ತೆ. ಈ ಕಾಯಿಲೆಯಲ್ಲಿ ಅದು ಉರಿಯೂತದಿಂದ ದಪ್ಪಗಾಗಿ ನೀರು ಸುರಿಸುತ್ತಾ ಇರುತ್ತೆ. ಯಿಟ್ರಿಯಂ-90ರ ಅತಿ ಸಣ್ಣ ಕಣಗಳನ್ನು ಕೀಲಿನೊಳಗೆ ಬಿಟ್ಟರೆ ಪೊರೆಯ ಕೋಶಗಳೇ ಅವನ್ನು ನುಂಗುತ್ತವೆ. ಅವುಗಳ ಬೀಟಾ ಕಿರಣ ಮೈಯೊಳಗೆ ಹೆಚ್ಚೆಂದರೆ 11 ಮಿಲಿಮೀಟರ್ ಹೋಗುತ್ತೆ, ಸರಾಸರಿ 4ಕ್ಕೂ ಕಡಿಮೆ. ಅಷ್ಟರಲ್ಲೇ ಪೊರೆ ಸುಟ್ಟು ಒಣಗುತ್ತೆ. ಮೊಣಕೈ, ಭುಜಕ್ಕಾದರೆ ರೀನಿಯಂ-186, ಬೆರಳಿಗೆ ಎರ್ಬಿಯಂ-169. ಕೀಲು ಸಣ್ಣದಾದಷ್ಟೂ ಕಿರಣವೂ ಗಿಡ್ಡ.

ಇಷ್ಟು ಓದಿದರೂ ಭಯ ಹೋಗಲಿಲ್ಲ. ಮನೇಲಿ ಐದು ವರ್ಷದ ಮಗಳಿದ್ದಾಳೆ. ಆಮೇಲೆ ಲೆಕ್ಕ ಹಾಕಿದೆ. ಯಿಟ್ರಿಯಂನ ಅರ್ಧಾಯುಷ್ಯ 64 ಗಂಟೆ. ಬಿ.ಕಾಂ.ನಲ್ಲಿ ಓದಿದ ಸವಕಳಿ ಲೆಕ್ಕವೇ ಇದು, ಪ್ರತಿ ಸಲ ಉಳಿದ ಶಿಲ್ಕಿನಲ್ಲಿ ಶೇಕಡ 50 ಕಳೀತಾ ಹೋಗೋದು. ಹತ್ತು ಸಲ ಕಳೆದರೆ, ಅಂದರೆ 27 ದಿನಕ್ಕೆ, ಉಳಿಯೋದು ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ. ಪೂರ್ತಿ ಸೊನ್ನೆ ಮಾತ್ರ ಆಗೋದಿಲ್ಲ, ನಮ್ಮ ಲೆಡ್ಜರಿನ ಹಳೇ ಕುರ್ಚಿ ಥರ.

ಸೂಜಿಯ ಕೆಲಸ ಕಾಲು ಗಂಟೆ. ಔಷಧಿ ಹೊರಗೆ ಸೋರಿದರೆ ಚರ್ಮ ಸುಡುತ್ತೆ ಅಂತ, ಸೂಜಿ ಕೀಲಿನೊಳಗೇ ಇದೆಯಾ ಅಂತ ಮೊದಲು ಎಕ್ಸ್‌ರೇಯಲ್ಲಿ ನೋಡಿಕೊಂಡರು. ಸಿರಿಂಜಿಗೆ ದಪ್ಪ ಪ್ಲಾಸ್ಟಿಕ್ ಕವಚ. ಆಮೇಲೆ 48 ಗಂಟೆ ಮಂಡಿ ಅಲ್ಲಾಡದ ಹಾಗೆ ಪಟ್ಟಿ. ಅಲ್ಲಾಡಿದರೆ ಕಣಗಳು ಕೀಲಿನಿಂದ ಹೊರಗೆ ಹೋಗಬಹುದು. ಮಗಳು ತಬ್ಬಿಕೊಳ್ಳಬಹುದು, ಕಾಲ ಮೇಲೆ ಮಾತ್ರ ಹತ್ತಬಾರದು ಅಂದರು. ಮೊದಲ ವಾರ ಇನ್ನೂ ಹೆಚ್ಚು ಊದಿ, ಹಾಕಿಸಿಕೊಂಡಿದ್ದೇ ತಪ್ಪಾಯ್ತೇನೋ ಅನ್ನಿಸಿತು. ಏಳನೇ ವಾರಕ್ಕೆ ಇಳೀತು. ಅಲ್ಲಿಂದ ಒಮ್ಮೆಯೂ ನೀರು ತೆಗೆಸಿಲ್ಲ. ಮೆಥೊಟ್ರೆಕ್ಸೇಟ್ ಅಂತೂ ನಡೀತಾನೇ ಇದೆ, ಸೂಜಿ ಒಂದು ಕೀಲಿಗಷ್ಟೇ ಸಂಬಂಧಪಟ್ಟಿದ್ದು.

ದಾವಣಗೆರೆಯಲ್ಲಿ ಅಮ್ಮನಿಗೆ ಎಪ್ಪತ್ತೊಂದು. ವಿಡಿಯೋ ಕಾಲ್‌ನಲ್ಲಿ ನಾನು ಮೆಟ್ಟಿಲು ಹತ್ತೋದು ನೋಡಿ, "ನನಗೂ ಅದೇ ಸೂಜಿ ಹಾಕಿಸಪ್ಪ, ದುಡ್ಡು ನಾನೇ ಕೊಡ್ತೀನಿ" ಅಂದರು. ಅವರ ಎಕ್ಸ್‌ರೇಯನ್ನ ನಮ್ಮ ಡಾಕ್ಟರಿಗೆ ತೋರಿಸಿದೆ. ಅಮ್ಮಂದು ಸವೆತ. ಎರಡೂ ಮಂಡಿಯಲ್ಲಿ ಮೃದ್ವಸ್ಥಿ ಹೋಗಿ ಮೂಳೆಗೆ ಮೂಳೆ ತಾಗಿದೆ. ಈ ಸೂಜಿ ಪೊರೆಯನ್ನ ಒಣಗಿಸುತ್ತೆ, ಸವೆದದ್ದನ್ನ ಬೆಳೆಸೋದಿಲ್ಲ. ಮಂಡಿ ಬದಲಾಯಿಸೋದೇ ದಾರಿ ಅಂದರು. ಅದನ್ನ ಊರಿನ ಡಾಕ್ಟರು ನಾಲ್ಕು ವರ್ಷದ ಹಿಂದೆಯೇ ಹೇಳಿದ್ದರು.

ಫೋನಿನಲ್ಲಿ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಪರೇಷನ್ ಮಾಡಿಸಿದ್ರೆ ನೀನು ಎಷ್ಟು ದಿನ ಇರ್ತೀಯ?" ಅಂದರು. ನಾಲ್ಕು ವರ್ಷ ಮುಂದೂಡಿದ್ದು ಆಪರೇಷನ್ನಿನ ಹೆದರಿಕೆಗಲ್ಲ ಅಂತ ನನಗೆ ಆಗಲೇ ಗೊತ್ತಾಗಿದ್ದು.

ವರ್ಷಾಂತ್ಯದ ಲೆಕ್ಕ ಮುಗಿದ ಮೇಲೆ ಏಪ್ರಿಲ್‌ನಲ್ಲಿ ಆರು ವಾರ ರಜೆ ಕೇಳಿದ್ದೆ. ಮೂರು ಸಿಕ್ಕಿದೆ. ಉಳಿದ ಮೂರಕ್ಕೆ ಹುಬ್ಬಳ್ಳಿಯ ತಂಗಿ ಬರ್ತೀನಿ ಅಂದಿದ್ದಾಳೆ.